ಪಟಿಕ ಬೇಡವೆಂದ ದಿನ

ನಮ್ಮ ಸೋದರಮಾವ ಕ್ಷೌರಿಕ. ಅವನ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಕತ್ತಿ ಮಸೆದು, ಮೊದಲು ತನ್ನ ಮುಂಗೈ ಕೂದಲ ಮೇಲೆ ಎಳೆದು ನೋಡದೆ ಯಾರ ಕೆನ್ನೆಗೂ ಇಡುತ್ತಿರಲಿಲ್ಲ. ಗೀರು ಬಿದ್ದರೆ ರಕ್ತ ನಿಲ್ಲಲು ಪಟಿಕದ ತುಂಡು ಉಜ್ಜಿದರಾಯಿತು. ಪಟಿಕದ ಮೇಲೆ ಅವನಿಗೆ ಡಾಕ್ಟರಿಗಿಂತ ಹೆಚ್ಚು ನಂಬಿಕೆ.

ಐವತ್ತು ದಾಟಿದ ಮೇಲೆ ಅವನ ತೋಳು, ತೊಡೆಗಳ ಮೇಲೆ ಕಾರಣವಿಲ್ಲದೆ ಕಪ್ಪುನೀಲಿ ಕಲೆಗಳು ಮೂಡಿದವು. "ಮನೇಲಿ ಹೆಂಡ್ತಿ ಕೈ ಸ್ವಲ್ಪ ಜೋರಾ?" ಎಂದು ಗಿರಾಕಿಗಳು ಕಿಚಾಯಿಸಿದರು. ಅವನ ಹೆಂಡತಿ, ನಮ್ಮ ಅತ್ತೆ, ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ.

ಒಂದು ಬೆಳಿಗ್ಗೆ ಕತ್ತಿ ಎಳೆದು ನೋಡುವಾಗ ಗೀರು ಸ್ವಲ್ಪ ಆಳವಾಗಿಯೇ ಬಿತ್ತು. ಪಟಿಕ ಉಜ್ಜಿದ. ರಕ್ತ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಟವೆಲುಗಳೆಲ್ಲ ಕೆಂಪಾಗಿದ್ದವು.

"ಈ ಸಲದ ಪಟಿಕ ಕಲಬೆರಕೆ ಕಣೇ" ಎಂದ ಮಾವ, ಸುದ್ದಿ ತಿಳಿದು ಬಂದ ಅತ್ತೆಗೆ. ಅವಳು ಷಟರ್ ಎಳೆದು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು: "ರೋಗಾಣು ಬಂದ್ರೆ ಹೊಡೆಯೋಕೆ ಅಂತ ರಕ್ತದಲ್ಲಿ ಪ್ರತಿಕಾಯಗಳು ಇರ್ತಾವೆ. ನಿಮ್ಮಲ್ಲಿ ಅವು ದಾರಿ ತಪ್ಪಿ, ರಕ್ತ ಹೆಪ್ಪುಗಟ್ಟಿಸೋ ವಸ್ತುವನ್ನೇ ಹೊಡೀತಿವೆ. ಕಲೆಗಳೂ ಅದರಿಂದಲೇ."

"ಹಾಗಾದ್ರೆ ಇವಳು ಹೊಡೆದಿದ್ದಲ್ಲ ಅಂತ ಒಂದು ಚೀಟಿ ಬರ್ಕೊಡ್ತೀರಾ?" ಎಂದು ಮಾವ ಅತ್ತೆಯ ಕಡೆ ಕೈ ತೋರಿಸಿದ.

ಡಾಕ್ಟರಮ್ಮ ನಗಲಿಲ್ಲ. "ವಾಸಿಯಾಗೋವರೆಗೂ ಕತ್ತಿ ಮುಟ್ಟಬೇಡಿ. ಯಾವಾಗ ಅಂತ ಈಗಲೇ ಹೇಳೋಕಾಗಲ್ಲ."

ಮಾವನ ಮುಖ ಇಳಿದುಹೋಯಿತು. ಆ ಪ್ರತಿಕಾಯಗಳನ್ನು ಅಡಗಿಸಲು ಕೊಟ್ಟ ಮಾತ್ರೆಗಳಿಂದ ಅದೇ ಮುಖ ಊದಿಕೊಂಡಿತು, ನಿದ್ದೆ ಹಾರಿತು. ಕತ್ತಿ ಕಪಾಟಿನಲ್ಲಿ, ಬೀಗದ ಕೈ ಅತ್ತೆಯ ಹತ್ತಿರ. ಅವನು ಊಟಕ್ಕೆ ಕೂತಲ್ಲಿ ಚಮಚವನ್ನು ಮುಂಗೈ ಮೇಲೆ ಎಳೆಯುತ್ತಿದ್ದ.

"ಮತ್ತೆ ಕತ್ತಿ ಹಿಡೀತೀನೇನೋ?" ಎಂದು ನನ್ನನ್ನು ಕೇಳಿದ. ಹಿಡಿದೇ ಹಿಡೀತೀಯ ಎಂದೆ, ನಂಬಿಕೆಯಿಲ್ಲದೆ.

ಆದರೆ ಕಲೆಗಳು ಮಾಸುತ್ತ ಬಂದವು. ಕೊನೆಗೆ ಡಾಕ್ಟರಮ್ಮನೇ, "ಆ ಪ್ರತಿಕಾಯಗಳು ಈಗ ಕಾಣ್ತಿಲ್ಲ. ಅಂಗಡಿ ತೆಗೀರಿ, ಆಗಾಗ ಬಂದು ತೋರಿಸ್ಕೊಳ್ಳಿ" ಎಂದರು.

ಷಟರ್ ಎತ್ತಿದ ದಿನ ಬೆಂಚಿನ ತುಂಬ ಹಳೆಯ ಗಿರಾಕಿಗಳು. ಮಾವ ಕತ್ತಿ ಮಸೆದು, ಅಭ್ಯಾಸದಂತೆ ಮುಂಗೈ ಮೇಲೆ ಎಳೆದ. ಬಹಳ ದಿನದ ಮೇಲೆ ಹಿಡಿದ ಕತ್ತಿ ಜಾರಿ ಗೀರು ಬಿತ್ತು, ರಕ್ತ ಇಳಿಯಿತು. ಅತ್ತೆ ಪಟಿಕ ಹಿಡಿದು ಓಡಿಬಂದಳು.

"ಬೇಡ, ಇರು." ಮಾವ ಅವಳನ್ನು ತಡೆದು, ಗೀರನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ ಬೆರಳು ತೆಗೆದ. ರಕ್ತ ಹೆಪ್ಪುಗಟ್ಟಿ ನಿಂತಿತ್ತು. ಗೆದ್ದವನಂತೆ ಆ ಕೈ ಎತ್ತಿ ಎಲ್ಲರಿಗೂ ತೋರಿಸಿದ.

ಅತ್ತೆ ಕಣ್ಣೊರೆಸಿಕೊಂಡು ಬೆಂಚಿನ ಕಡೆ ತಿರುಗಿದಳು.

"ನನ್ನ ಕೈ ಜೋರು ಅಂದೋರು ಯಾರಪ್ಪ? ಮೊದಲು ಅವರೇ ಬಂದು ಕೂತ್ಕೊಳ್ಳಿ."