ಮೂರರಲ್ಲಿ ಒಂದನೇ ಹಾಳೆ

ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಡ್ರಮ್ಮಿಗೆ ನೀರು ತುಂಬಿಸಿದೆ. ದೋಸೆ ಹಿಟ್ಟಿಗೆ ಉಪ್ಪು ಬೆರೆಸಿದೆ. ನಮ್ಮನೆಯವರ ಎರಡು ಯೂನಿಫಾರ್ಮ್ ಶರ್ಟುಗಳ ಕಾಲರ್ ಉಜ್ಜಿ ನೆನೆಹಾಕಿದೆ. ಫೋನಿನಲ್ಲಿ ಗ್ಯಾಸ್ ಬುಕ್ ಮಾಡಿದೆ. ಆಮೇಲೆ ಫ್ರಿಜ್ ಮೇಲಿನ ಡಬ್ಬ ತೆಗೆದು ಅವರ ಬಿಪಿ ಮಾತ್ರೆ ಎಷ್ಟು ಉಳಿದಿದೆ ನೋಡಿದೆ. ಆರು ಇತ್ತು.

ಆರು ಇರಬಾರದಿತ್ತು.

ಹತ್ತು ಮಾತ್ರೆಯ ಸ್ಟ್ರಿಪ್ ಅದು. ಹಿಂದಿನ ವಾರದ ಗುರುವಾರ ನಾನೇ ಒಡೆದು ಮೊದಲ ಮಾತ್ರೆ ಕೊಟ್ಟಿದ್ದೆ. (ಇಂಥದ್ದೆಲ್ಲ ನನಗೆ ನೆನಪಿರುತ್ತದೆ. ಹಾಲಿನವನು ಬಾರದ ದಿನಗಳೂ ನೆನಪಿರುತ್ತವೆ.) ಶನಿವಾರಕ್ಕೆ ಖಾಲಿಯಾಗಬೇಕಿತ್ತು. ಅಂದರೆ ಸೋಮವಾರದಿಂದ ಇವರು ಮಾತ್ರೆಯನ್ನೇ ಮುಟ್ಟಿಲ್ಲ.

ಇವರ ಅಣ್ಣನೂ ಹೀಗೆಯೇ ಬಿಪಿ ಮಾತ್ರೆ ಬಿಟ್ಟವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ ಕೈಯಿಂದ ಜಾರಿತು. ಲಕ್ವ ಹೊಡೆದ ಆ ಬಲಗೈ ಇವತ್ತಿಗೂ ಲೋಟ ಹಿಡಿಯುವುದಿಲ್ಲ.

"ರೀ, ಮಾತ್ರೆ ಯಾಕೆ ಇಷ್ಟೊಂದು ಉಳಿದಿದೆ?"

ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಬಿಟ್ಬಿಟ್ಟೆ ಕಣೇ. ಅದರಿಂದ್ಲೇ ಕಾಲು ಊದ್ಕೊಳ್ತಿರೋದು."

ಕಾಲು ಊದಿದೆಯೇ? ಪಂಚೆ ಸರಿಸಿ ನೋಡಿದೆ. ಎರಡೂ ಪಾದಗಳು ಉಬ್ಬಿದ್ದವು. ಹಿಂದಿನ ದಿನ ಹಾಕಿದ್ದ ಸಾಕ್ಸಿನ ಗುರುತು ಇನ್ನೂ ಹಾಗೇ ಇತ್ತು. ಹದಿನೈದು ದಿನದಿಂದ ಸೇಫ್ಟಿ ಶೂ ಬಿಗಿಯಾಗುತ್ತಿದೆಯಂತೆ. ಲೇಸು ಸಡಿಲ ಮಾಡಿಕೊಂಡು ಓಡಾಡುತ್ತಿದ್ದರಂತೆ.

ಇವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಲ್ಲಿನ ಆಫೀಸ್ ಕಂಪ್ಯೂಟರಿನಲ್ಲಿ ಮಾತ್ರೆಯ ಹೆಸರು ಹಾಕಿ ಹುಡುಕಿದ್ದಾರೆ. ಒಂದು ವೆಬ್‌ಸೈಟ್ ಸಿಕ್ಕಿದೆ. ಪ್ರಿಂಟ್ ತೆಗೆಸಿಕೊಂಡಿದ್ದಾರೆ. ಬ್ಯಾಗಿನಿಂದ ಆ ಹಾಳೆ ತೆಗೆದು ಸಾಕ್ಷಿಯಂತೆ ನನ್ನ ಮುಂದಿಟ್ಟರು. ಈ ಮಾತ್ರೆಯಿಂದ ಕೆಲವರಿಗೆ ಪಾದ ಊದಬಹುದು ಎಂದು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ನೀಟಾಗಿ ಗೆರೆ ಎಳೆದಿದ್ದರು.

ನಾನು ಪೂರ್ತಿ ಓದಿದೆ. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 1/3 ಎಂದಿತ್ತು.

ಫ್ಯಾಕ್ಟರಿಯಲ್ಲಿ ಬಿಡಿಭಾಗದ ಮೂರು ಶೀಟಿನ ಡ್ರಾಯಿಂಗಿನಲ್ಲಿ ಒಂದನ್ನೇ ನೋಡಿ ಮಷಿನ್ ಆನ್ ಮಾಡಿದ ಆಪರೇಟರ್ ಒಬ್ಬನನ್ನು ಇವರು ವಾರವಿಡೀ ಬೈದದ್ದನ್ನು ನಾನು ಊಟ ಬಡಿಸುತ್ತಾ ಕೇಳಿದ್ದೇನೆ. ಎಲ್ಲ ಶೀಟೂ ಕೈಗೆ ಬರುವವರೆಗೆ ಒಂದು ತೂತು ಕೊರೆಯಲೂ ಬಿಡದ ಮನುಷ್ಯ!

"ರೀ, ಇದು ಮೂರರಲ್ಲಿ ಒಂದನೇ ಶೀಟು."

ಕನ್ನಡಕ ಹಾಕಿಕೊಂಡು ನೋಡಿದರು. ನಂತರ ಈರಣ್ಣನವರಿಗೆ ಫೋನ್ ಮಾಡಿದರು.

ಪ್ರಿಂಟ್ ತೆಗೆದುಕೊಟ್ಟವರು ಈರಣ್ಣ, ಫ್ಯಾಕ್ಟರಿಯ ಆಫೀಸ್ ಬಾಯ್. ಗದಗ ಕಡೆಯವರು, ನಮ್ಮ ದಾಸರಹಳ್ಳಿಯಲ್ಲೇ ಎರಡು ಕ್ರಾಸ್ ಆಚೆ ಬಾಡಿಗೆ ರೂಮಿನಲ್ಲಿದ್ದಾರೆ. ಬಾಯ್ ಎಂದರೂ ವಯಸ್ಸು ನಲವತ್ತು ದಾಟಿದೆ. ಹಾಳೆ ಎಸೆಯುವುದೆಂದರೆ ಅವರಿಗೆ ಆಗದು. ಉಳಿದ ಎರಡು ಹಾಳೆ ಅವರ ಬ್ಯಾಗಿನಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ತಂದುಕೊಟ್ಟರು.

"ಮೂರೂ ಬಂದಿದ್ವುರೀ ಅಕ್ಕಾರ. ಸಾಹೇಬ್ರು ಒಂದ ತಗೊಂಡು ಹ್ವಾದ್ರು. ಭಾಳ ಅವಸರದಾಗ ಇದ್ರು" ಎಂದರು. ದೋಸೆ ಹಾಕಿಕೊಟ್ಟೆ. ನಾಲ್ಕು ತಿಂದರು. ಇವರು ಒಂದನ್ನೂ ಮುಗಿಸಲಿಲ್ಲ.

ಎರಡನೇ ಹಾಳೆಯ ಮೇಲ್ಭಾಗದಲ್ಲೇ ಇತ್ತು: ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಊತ ಕಂಡರೆ ಅವರಿಗೆ ತಿಳಿಸಿ. ಮೂರನೇ ಹಾಳೆಯಲ್ಲಿ ಅರ್ಧದಷ್ಟು ಜಾಹೀರಾತು. ಬರೆದವರು ಯಾರು? ಯಾವ ವರ್ಷ ಬರೆದದ್ದು? ಎಲ್ಲೂ ಇರಲಿಲ್ಲ.

ಹಾಗಂತ ವೆಬ್‌ಸೈಟ್ ಸುಳ್ಳು ಹೇಳಿತೇ? ಇಲ್ಲ. ಮುಖ್ಯವಾದ ಮಾತನ್ನು ಎರಡನೇ ಹಾಳೆಗೆ ತಳ್ಳಿತು, ಅಷ್ಟೇ. ಹೆದರಿಸುವ ಮಾತು ಮೊದಲು, ಏನು ಮಾಡಬೇಕೆಂಬ ಮಾತು ಆಮೇಲೆ. ಹೆದರಿದವರು ಎರಡನೆಯದರವರೆಗೆ ಎಲ್ಲಿ ಹೋಗುತ್ತಾರೆ?

ಇವರನ್ನೇ ಬೈದು ಸುಮ್ಮನಾಗಲೂ ಮನಸ್ಸಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಒಂದೂವರೆ ಗಂಟೆ ಕಾದರೆ ಮಾತಾಡಲು ಸಿಗುವುದು ಮೂರು ನಿಮಿಷ. ಅದರಲ್ಲಿ ಎರಡು ನಿಮಿಷ ಉಪ್ಪಿನಕಾಯಿ ಬಿಟ್ಟಿರಾ ಎಂಬ ವಿಚಾರಣೆಗೆ ಹೋಗುತ್ತದೆ. ವೆಬ್‌ಸೈಟ್ ಕಾಯಿಸುವುದಿಲ್ಲ, ಉಪ್ಪಿನಕಾಯಿ ಕೇಳುವುದಿಲ್ಲ, ಪಕ್ಕದಲ್ಲಿ ನಿಂತು ಹೆಂಡತಿ ಚಾಡಿ ಹೇಳುವುದೂ ಇಲ್ಲ. (ಹೌದು, ಹೋದ ಸಲ ಹೇಳಿದ್ದೆ.)

ಹತ್ತು ಗಂಟೆಗೆ ಕ್ಲಿನಿಕ್ಕಿಗೆ ಹೋದೆವು. ಮೂರೂ ಹಾಳೆಗಳನ್ನು ಇವರೇ ಪಿನ್ ಹೊಡೆದು ತಂದಿದ್ದರು. ಡಾಕ್ಟರ್ ಮೇಡಂ ಮೊದಲು ಬಿಪಿ ನೋಡಿದರು. ಮೇಲಿನದು ನೂರ ಎಪ್ಪತ್ತು ದಾಟಿತ್ತು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. ಇಳಿದಿರಲಿಲ್ಲ. ಆ ಐದು ನಿಮಿಷ ನಾನು ಇವರ ಬಲಗೈಯನ್ನೇ ನೋಡುತ್ತಿದ್ದೆ.

ನಂತರ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು. ಹಾಳೆಗಳ ಮೇಲೆ ಕಣ್ಣಾಡಿಸಿ ಹೇಳಿದರು: "ಬರೆದಿರೋದು ಸರಿಯಾಗೇ ಇದೆ ಸಾರ್. ಊತ ಕಂಡ ದಿನವೇ ಬಂದಿದ್ರೆ ಬೇರೆ ಮಾತ್ರೆ ಬರೆದುಕೊಡ್ತಿದ್ದೆ. ಇಷ್ಟು ದಿನ ಏನೂ ಆಗದೇ ಇದ್ದದ್ದು ನಿಮ್ಮ ಪುಣ್ಯ."

ಮಾತ್ರೆ ಬದಲಾಯಿತು. ರಕ್ತ, ಮೂತ್ರದ ಟೆಸ್ಟಿಗೆ ಬರೆದುಕೊಟ್ಟರು. ಮೂರು ದಿನ ಬಿಟ್ಟು ಬರಲು ಹೇಳಿದರು. ಹೊಸ ಸ್ಟ್ರಿಪ್ಪಿನ ಮೊದಲ ಮಾತ್ರೆಯನ್ನು ಮೆಡಿಕಲ್ ಶಾಪಿನ ಮುಂದೆಯೇ ನುಂಗಿದರು.

ಮಧ್ಯಾಹ್ನ ಅನ್ನ, ದಂಟಿನ ಸೊಪ್ಪಿನ ಹುಳಿ, ಮಜ್ಜಿಗೆ. ಉಂಡು, ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಅವರೇ ಮೊದಲು ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲೇ ಮಲಗುವವಳಿಗಿಂತ ಮೊದಲು ಆ ಊದಿದ ಕಾಲಿನ ಸುದ್ದಿ ಒಂದು ವೆಬ್‌ಸೈಟಿಗೆ ಹೇಗೆ ಗೊತ್ತಾಯಿತು?