ಪಿ ಅಂದರೆ ಕ, ಪೌಂಡ್ ಅಂದರೆ ನ

ಕಳೆದ ಶನಿವಾರ ನಂಜನಗೂಡಿನಿಂದ ನರಸೀಪುರದವರೆಗೂ ನಾನು ಬಸ್ಸಿನಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಲ್ಯಾಪ್‌ಟಾಪ್ ಅಂದುಕೊಂಡಿರಾ? ಅಲ್ಲ. ಹದಿಮೂರು ವರ್ಷ ಹಳೆಯ ಡೆಸ್ಕ್‌ಟಾಪಿನ ಸಿಪಿಯು. ಶುದ್ಧ ತಗಡಿನ ಡಬ್ಬ. ಅದರ ಮೂಲೆ ನನ್ನ ತೊಡೆಗೆ ಚುಚ್ಚುತ್ತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಮಂಗಳ ಒಂದು ಮಾತೂ ಆಡದೆ ಕೂತಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತಿತ್ತು ಎಂದು ಮಾತ್ರ ಕೇಳಬೇಡಿ.

ಕಂಡಕ್ಟರ್ ಬಂದ. “ಏನ್ ಸಾ ಅದು, ಗ್ರೈಂಡ್ರಾ?”

“ಕಂಪ್ಯೂಟ್ರು” ಅಂದೆ.

“ಇನ್ನೂ ಇಂಥವು ಅವಾ ಸಾ?” ಎಂದು ಟಿಕೆಟ್ ಕೊಟ್ಟು ಮುಂದೆ ಹೋದ. ಅವನದ್ದೇನೂ ತಪ್ಪಿಲ್ಲ. ನನಗೂ ಆ ಪ್ರಶ್ನೆ ಎಷ್ಟೋ ದಿನದಿಂದ ಇತ್ತು.

ನಮ್ಮ ಮನೆಯ ಕಂಪ್ಯೂಟರ್ ಸ್ಲೋ. ಎಷ್ಟು ಸ್ಲೋ ಎಂದರೆ, ಬೆಳಿಗ್ಗೆ ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗಿ, ವಿಭೂತಿ ಹಚ್ಚಿಕೊಂಡು, ಉಪ್ಪಿಟ್ಟು ತಿಂದು ಬಂದರೂ ಪರದೆಯ ಮೇಲೆ ಆ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಕಂಪ್ಯೂಟರ್ ಸ್ಲೋ ಆಗಿದೆ ಎಂದು ನೀವು ಒಮ್ಮೆ ಬೀದಿಯಲ್ಲಿ ಬಾಯಿಬಿಟ್ಟು ನೋಡಿ. ಮಂಡಿನೋವು ಎಂದಾಗ ಹುಟ್ಟಿಕೊಳ್ಳುವುದಕ್ಕಿಂತ ಹೆಚ್ಚು ವೈದ್ಯರು ಹುಟ್ಟಿಕೊಳ್ಳುತ್ತಾರೆ.

ಎದುರು ಮನೆಯವರು “ರ‍್ಯಾಮ್ ಹಾಕ್ಸಿ” ಎಂದರು. ರ‍್ಯಾಮ್ ಅಂದರೆ ಏನು ಎಂದು ಕೇಳಿದೆ. “ಅದ ಹಾಕ್ಸುದ್ರೆ ಸ್ಪೀಡ್ ಆಯ್ತದೆ ಕಣ್ರೀ” ಎಂದರು. ಅಲ್ಲಿಗೆ ಅವರ ಜ್ಞಾನ ಮುಗಿಯಿತು, ಆತ್ಮವಿಶ್ವಾಸ ಮುಗಿಯಲಿಲ್ಲ. ನನ್ನ ಷಡ್ಡಕ ಫೋನಿನಲ್ಲೇ ರೋಗ ಕಂಡುಹಿಡಿದ. ಅವನ ಪ್ರಕಾರ ಡೆಸ್ಕ್‌ಟಾಪಿನಲ್ಲಿ ಫೋಟೋ ಜಾಸ್ತಿ ಇದ್ದರೆ ಭಾರವಾಗುತ್ತದಂತೆ. ಭಾರ ಅಂದರೆ ಎಷ್ಟು ಕೆಜಿ ಎಂದು ಕೇಳಬೇಕೆನಿಸಿತು. ನೆಂಟಸ್ತಿಕೆ ನೋಡಿ ಫೋನ್ ಇಟ್ಟೆ.

ನನ್ನದೇ ಒಂದು ಚಿಕಿತ್ಸೆಯೂ ಇತ್ತು. ರಿಫ್ರೆಶ್. ಮೌಸಿನ ಬಲಗಡೆ ಒತ್ತಿ, ರಿಫ್ರೆಶ್ ಎಂಬುದನ್ನು ಒತ್ತಿದರೆ ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಅದರಿಂದ ಸ್ಪೀಡ್ ಆಗುತ್ತದಾ? ಇಲ್ಲ. ಆದರೂ ದೇವಸ್ಥಾನಕ್ಕೆ ಹೋದವರು ಗಂಟೆ ಬಾರಿಸುವ ಹಾಗೆ, ಕೂತ ತಕ್ಷಣ ಮೂರು ಸಲ ರಿಫ್ರೆಶ್, ಏಳುವ ಮುಂಚೆ ಮೂರು ಸಲ ರಿಫ್ರೆಶ್. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. (ನನ್ನ ಶಿಷ್ಯರು ಈ ಪ್ಯಾರಾ ಬಿಟ್ಟು ಓದಬೇಕಾಗಿ ವಿನಂತಿ.)

ಇಂಥ ಡಬ್ಬವನ್ನು ಗುಜರಿಗೆ ಹಾಕಬಾರದಾ ಎಂದು ನೀವು ಕೇಳಬಹುದು. ಹಾಕಬಹುದಿತ್ತು. ಆದರೆ ಅದರೊಳಗೆ ಮಂಗಳಳ ಒಂದು ಫೈಲ್ ಇದೆ. ಫೈಲಿನ ಹೆಸರು ‘ಅಪ್ಪ’.

ನನ್ನ ಮಾವ ನರಸೀಪುರ ತಾಲ್ಲೂಕಿನಲ್ಲಿ ಸರ್ವಿಸ್ ಪೂರ್ತಿ ಪಹಣಿ ಬರೆದವರು. ಯಾವ ಜಮೀನು ಕೇಳಿದರೂ ಸರ್ವೆ ನಂಬರ್, ಹಿಸ್ಸಾ, ಖಾತೆ ಎಲ್ಲ ನಾಲಿಗೆ ತುದಿಯಲ್ಲಿ. ರಿಟೈರ್ ಆದ ಮೇಲೆ ಅವರಿಗೆ ಒಂದು ಕೊರಗು ಹತ್ತಿಕೊಂಡಿತು. ನಂಬರಿಗೆ ಮುಂಚೆ ಪ್ರತಿ ಹೊಲಕ್ಕೂ ಊರವರ ಬಾಯಲ್ಲಿ ಒಂದು ಹೆಸರಿತ್ತು, ಹೆಸರಿಗೆ ಒಂದು ಕಾರಣವಿತ್ತು. ಪಹಣಿಯಲ್ಲಿ ಅಷ್ಟೊಂದು ಕಾಲಂ ಇದ್ದರೂ ಹೆಸರಿಗೆ ಒಂದು ಕಾಲಂ ಇರಲಿಲ್ಲ. “ಅಷ್ಟೂ ಹೆಸ್ರನ್ನೂವೆ ನಾನೇ ಕೈಯಾರ ನಂಬ್ರು ಮಾಡ್ಬುಟ್ಟೆ ಕಣವ್ವ” ಎಂದು ಮಗಳ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಕೊನೆಯ ಮೂರು ವರ್ಷ ಅವರು ನಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಕಾಫಿಯಾದ ಮೇಲೆ ಅವರು ಒಂದೊಂದೇ ಹೊಲದ ಹೆಸರು, ಅದರ ಕಥೆ ಹೇಳುವುದು, ಮಂಗಳ ಟೈಪ್ ಮಾಡುವುದು. ಮೊದಲು ನನ್ನನ್ನೇ ಕೇಳಿದ್ದರು. ಆಗ ನಾನು ಪೇಪರಿನ ಇದೇ ಅಂಕಣದಲ್ಲಿ ಬಹಳ ಗಂಭೀರವಾದ ಒಂದು ಸರಣಿ ಬರೆಯುತ್ತಿದ್ದೆ, ಬಿಡುವಿರಲಿಲ್ಲ. ಹೋದ ಆಷಾಢದಲ್ಲಿ ಮಾವ ತೀರಿಕೊಂಡರು. ಅವರು ಹೇಳಿದ್ದೆಲ್ಲ ಆ ಒಂದು ಫೈಲಿನಲ್ಲಿ ಉಳಿಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಡಿ ಎಂದು ಮಂಗಳ ನನಗೆ ಎಷ್ಟು ಸಲ ಹೇಳಿದ್ದಳು? ನಾಳೆ ಎಂದು ನಾನು ಹೇಳಿದಷ್ಟೇ ಸಲ.

ಈಗ ನಮ್ಮ ಕಥೆಗೆ ಪ್ರಸನ್ನ ಬರುತ್ತಾನೆ. ಬಸ್‌ಸ್ಟ್ಯಾಂಡ್ ಕಡೆ ರಿಪೇರಿ ಅಂಗಡಿ ಇಟ್ಟವನು, ನಲವತ್ತು ದಾಟಿದ ಮನುಷ್ಯ. ಅವನ ಹತ್ತಿರ ಇರುವುದು ಒಂದೇ ಔಷಧಿ, ಒಳಗಿರುವುದನ್ನೆಲ್ಲ ಅಳಿಸಿಹಾಕುವುದು. ಫಾರ್ಮ್ಯಾಟ್. ಮೌಸ್ ಕೆಟ್ಟರೂ ಫಾರ್ಮ್ಯಾಟ್, ಪ್ರಿಂಟರಿನಲ್ಲಿ ಇಂಕ್ ಮುಗಿದರೂ ಫಾರ್ಮ್ಯಾಟ್. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ “ಫಾರ್ಮ್ಯಾಟ್ ಹೊಡ್ದುಬುಡನಾ ಸಾ?” ಎಂದ. ಮಂಗಳ ಸುತರಾಂ ಒಪ್ಪಲಿಲ್ಲ. ಅಪ್ಪನ ಫೈಲ್ ಮುಟ್ಟುವ ಹಾಗಿಲ್ಲ ಎಂದು ಹೇಳಿ ಕಾಫಿಗೆ ಒಳಗೆ ಹೋದಳು.

“ಸರಿ, ಕ್ಲೀನಿಂಗ್ ಮಾಡ್ತೀನಿ” ಎಂದು ಅವನು ಕೂತ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಗೊತ್ತಿಲ್ಲದ ವಿಷಯಕ್ಕೆ ಗೊತ್ತಿರುವವರ ಹಾಗೆ ತಲೆಯಾಡಿಸುವುದು ನಮ್ಮ ಸೀಮೆಯ ಗಂಡಸರ ಪಿತ್ರಾರ್ಜಿತ ವಿದ್ಯೆ.

“ನೋಡಿ ಸಾ, ಯಾವ್ದೋ ಓಬೀರಾಯನ ಕಾಲದ ಕನ್ನಡ ಸಾಫ್ಟ್‌ವೇರ್ ಅದೆ. ಅದ್ರ ಫಾಂಟುಗಳು ಬೇರೆ ರಾಶಿ ಬಿದ್ದವೆ. ಇಂಥವೇ ಸ್ಲೋ ಮಾಡದು. ಈಗೆಲ್ಲ ಮೊಬೈಲಲ್ಲೇ ಕನ್ನಡ ಬತ್ತದೆ. ತೆಗ್ದಾಕ್ಲಾ?”

“ತೆಗ್ದಾಕಿ” ಎಂದೆ.

ಹೌದು, ನಾನೇ ಹೇಳಿದ್ದು. ಅವನು ಒಂದೊಂದನ್ನೂ ಆರಿಸಿ ಅಳಿಸಿದ. ಫೈಲನ್ನು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಮಾತಿನ ಮನುಷ್ಯ. ಕಂಪ್ಯೂಟರ್ ಮತ್ತೆ ಆನ್ ಆಗಲು ಏಳು ನಿಮಿಷದ ಬದಲು ಆರೂವರೆ ನಿಮಿಷ ತೆಗೆದುಕೊಂಡಿತು. “ನೋಡಿ, ರಾಕೆಟ್ ಆಗದೆ” ಎಂದು ಹೇಳಿ ಕಾಫಿ ಕುಡಿದು ಹೋದ. ಇಂಥ ರಾಕೆಟ್ಟಿನಲ್ಲಿ ಚಂದ್ರಲೋಕಕ್ಕೆ ಹೊರಟವರು ಪಕ್ಕದ ಚಿಕ್ಕಯ್ಯನಛತ್ರವನ್ನೂ ದಾಟುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಂಗಳ ಫೈಲ್ ತೆರೆದಳು. “ರೀ” ಎಂದು ಕರೆದಳು. ಜೋರಾಗಿ ಏನೂ ಕರೆಯಲಿಲ್ಲ, ಆದರೂ ನಾನು ಓಡಿದೆ. ಪರದೆಯಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟು ಹಾಕಿದ ಒಂದು ಎ, ಪೌಂಡಿನ ಗುರುತು, ಸಣ್ಣ ವಿ, ಸಣ್ಣ ಕ್ಯೂ, ಮತ್ತೆ ಗೀಟು ಹಾಕಿದ ಎ. ಪುಟದ ಮೇಲೆ ಪುಟ, ಕೊನೆಯವರೆಗೂ ಅದೇ. ಮಾವ ಮೂರು ವರ್ಷ ಹೇಳಿದ್ದೆಲ್ಲ ಕೋಳಿ ಕೆದರಿದ ಹಾಗೆ ಬಿದ್ದಿತ್ತು.

ಪ್ರಸನ್ನನಿಗೆ ಫೋನ್ ಮಾಡಿದೆ. “ವೈರಸ್ ಸಾ” ಎಂದ, ಒಂದು ಕ್ಷಣವೂ ಯೋಚಿಸದೆ. “ಫೈಲ್ ಕರಪ್ಟ್ ಆಗೋಗದೆ. ಅದ ಡಿಲೀಟ್ ಮಾಡ್ಬುಟ್ಟು ಫಾರ್ಮ್ಯಾಟ್ ಹೊಡೀಬೇಕು. ನಾನು ಅವತ್ತೇ ಹೇಳ್ನಿಲ್ವಾ?”

ಆಮೇಲೆ ನಾನು ಮಂಗಳಳಿಗೆ ಒಂದು ಮಾತು ಹೇಳಿದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ದಡ್ಡ ಮಾತು ಇನ್ನೊಂದು ಆಡಿಲ್ಲ. “ಹೋಗ್ಲಿ ಬಿಡು, ನೆನಪಿರೋಷ್ಟು ಮತ್ತೆ ಬರ್ಕೊಂಡ್ರಾಯ್ತು.”

“ಯಾರ ನೆನ್ಪು?” ಎಂದಳು. “ನಿಮ್ದಾ?”

ನಾನು ಆ ಫೈಲನ್ನು ಒಂದು ದಿನವೂ ತೆರೆದು ಓದಿರಲಿಲ್ಲ. ಅದು ಅವಳಿಗೂ ಗೊತ್ತು. ಅವಳೇ ವೈರು ಕಿತ್ತಳು, ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದಳು. “ನರಸೀಪುರಕ್ಕೆ ಹೋಯ್ತಿದೀನಿ. ಬತ್ತೀರಾ, ಇಲ್ಲ ನಾನೊಬ್ಳೇ ಹೊತ್ಕೊಂಡು ಹೋಗ್ಲಾ?”

ಬಸ್ಸಿನ ಕಥೆ ಆಗಲೇ ಹೇಳಿದೆ.

ನರಸೀಪುರದಲ್ಲಿ ತಾಲ್ಲೂಕು ಆಫೀಸಿನ ಎದುರು ನಾಗರತ್ನಮ್ಮನ ಡಿಟಿಪಿ ಅಂಗಡಿ. ಊರವರ ಅರ್ಜಿ, ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲವನ್ನೂ ಟೈಪ್ ಮಾಡಿಕೊಡುವ ಹೆಂಗಸು. ಮದುವೆಗೆ ಮುಂಚೆ ಮಂಗಳ ಕನ್ನಡ ಟೈಪಿಂಗ್ ಕಲಿತದ್ದು ಅವರ ಹತ್ತಿರವೇ. ಅರವತ್ತು ದಾಟಿದೆ, ಕನ್ನಡಕ ದಪ್ಪಗಾಗಿದೆ, ಕೈ ಮಾತ್ರ ಇನ್ನೂ ಕೀಬೋರ್ಡ್ ನೋಡುವುದಿಲ್ಲ.

ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಡಬ್ಬವನ್ನು ತಿರುಗಿಸಿ ಹಿಂಭಾಗ ನೋಡಿದರು. ರೋಗಿಯನ್ನು ಮುಟ್ಟಿ ನೋಡಬೇಕು ಎಂಬ ಯೋಚನೆ ಅಲ್ಲಿಯವರೆಗೆ ನಮ್ಮ ಯಾವ ವೈದ್ಯರಿಗೂ ಬಂದಿರಲಿಲ್ಲ.

“ಇದೇನವ್ವ ಮಂಗಳ, ಗಾಳಿ ಆಡೋ ತೂತ್ಗೆಲ್ಲ ಈಬೂತಿ ಮೆತ್ತಿದ್ದೀರಿ?”

ಮಂಗಳ ನನ್ನನ್ನು ನೋಡಿದಳು. ನಾನು ತಾಲ್ಲೂಕು ಆಫೀಸನ್ನು ನೋಡಿದೆ.

ಆಯುಧಪೂಜೆಗೆ ಮಾತ್ರ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನಾನು ಪ್ರತಿ ಸೋಮವಾರವೂ ಹಚ್ಚುತ್ತಿದ್ದೆ. ಮೂರು ಬೆರಳಿನಲ್ಲಿ ಅಡ್ಡ ಎಳೆಯಲು ಹಿಂದುಗಡೆಯ ಸೀಳುಗಳ ಜಾಗವೇ ಸರಿಯಾಗಿ ಸಿಗುತ್ತಿತ್ತು. ಎದುರಿಗೇ ಊದಿನಕಡ್ಡಿ. ಧೂಳು ಬೀಳದಿರಲಿ ಎಂದು ಅದರ ಮೇಲೊಂದು ಕ್ರೋಶಾ ಹೊದಿಕೆ. ಯಂತ್ರ ಬಿಸಿಯಾದರೆ ಅದಕ್ಕೆ ಗಾಳಿ ಬೇಕು ಎಂದು ನಾನೇ ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೇನೆ.

ನಾಗರತ್ನಮ್ಮ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗಿನ ಫ್ಯಾನಿಗೆ ಧೂಳು, ಬೂದಿ, ವಿಭೂತಿ ಎಲ್ಲ ಸೇರಿ ಗಾರೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಪೇಂಟ್ ಬ್ರಷ್ಷಿನಲ್ಲಿ ನಿಧಾನವಾಗಿ ಕೆರೆದು ತೆಗೆದರು. “ಉಸ್ರು ಕಟ್ಕಂಡು ಕೂತದೆ ಪಾಪ. ಸ್ಲೋ ಆಗ್ದೆ ಓಡ್ತದಾ?” ಎಂದು ತಮ್ಮ ಅಂಗಡಿಯ ಪರದೆಗೆ ವೈರು ಸಿಕ್ಕಿಸಿ ಸ್ವಿಚ್ ಹಾಕಿದರು. ಎರಡೇ ನಿಮಿಷಕ್ಕೆ ಆನ್ ಆಯಿತು. ರ‍್ಯಾಮ್ ಇಲ್ಲ, ಫಾರ್ಮ್ಯಾಟ್ ಇಲ್ಲ, ರಿಫ್ರೆಶ್ ಅಂತೂ ಇಲ್ಲವೇ ಇಲ್ಲ.

ಮಂಗಳಳಿಗೆ ಸ್ಪೀಡು ಬೇಕಾಗಿರಲಿಲ್ಲ. ಫೈಲ್ ತೆರೆದಳು. ಅದೇ ಪಿ, ಅದೇ ಪೌಂಡು. “ವೈರಸ್ ಅಂತೆ ಅಕ್ಕ. ಡಿಲೀಟ್ ಮಾಡ್ಬೇಕಂತೆ” ಎಂದಳು.

ನಾಗರತ್ನಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು. ಆಮೇಲೆ ನಕ್ಕರು. “ವೈರಸ್ ಅಂದ ಪುಣ್ಯಾತ್ಮ ಯಾರು? ಇದು ಕನ್ನಡವೇ ಕಣವ್ವ. ಮೈಮೇಲಿನ ಬಟ್ಟೆ ಬಿಚ್ಚಾಕವ್ರೆ, ಅಷ್ಟೆಯ. ಫಾಂಟು ತೆಗ್ದುಬುಟ್ಟವ್ರೆ.” ಪರದೆಯ ಮೇಲೆ ಬೆರಳಿಟ್ಟರು. “ಈ ಪಿ ನೋಡು, ಇದು ಕ. ಈ ಪೌಂಡು, ನ. ಸಣ್ಣ ಕ್ಯೂ ಅಂದ್ರೆ ಡ. ಎ ತಲೆ ಮೇಲೆ ಗೀಟು ಅದೆಯಲ್ಲ, ಅದೇ ತಲೆಕಟ್ಟು. ಒಂದಕ್ಷರನೂ ಹೋಗಿಲ್ಲ. ಫಾಂಟು ನನ್ನ ತಾವು ಅದೆ, ಹಾಕ್ಕೊಡ್ತೀನಿ.”

ಮಂಗಳ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಅದು. ನನಗೆ ನೆಲ ಬಿರಿಯಬಾರದಾ ಅನ್ನಿಸಿತು. ನಮಗೆ ಓದಲು ಬರಲಿಲ್ಲ, ಆದ್ದರಿಂದ ಅದು ವೈರಸ್. ಇಬ್ಬರು ಬುದ್ಧಿವಂತರು ಸೇರಿ ಎಷ್ಟು ಸಲೀಸಾಗಿ ತೀರ್ಮಾನ ಮಾಡಿದ್ದೆವು ನೋಡಿ. ಪ್ರಸನ್ನನಿಗಾದರೂ ಅದು ಪರರ ಮನೆಯ ಫೈಲು. ನನಗೆ?

ನಾಗರತ್ನಮ್ಮ ಫಾಂಟಿದ್ದ ಹಳೆಯ ಸಿಡಿ ಹುಡುಕಿ ಹಾಕಿದರು. ಅದು ಗೊರಗೊರ ಎನ್ನುತ್ತಾ ತಿರುಗತೊಡಗಿತು. “ಇದು ಇಳ್ಯಗಂಟ ಸುಮ್ಕೆ ಯಾಕೆ ಕೂರದು, ನಾನೇ ಓದ್ತೀನಿ ಕೇಳಿ” ಎಂದು ನಾಗರತ್ನಮ್ಮ ಆ ಪಿ, ಪೌಂಡುಗಳ ಮೇಲೆ ಬೆರಳು ಓಡಿಸುತ್ತಾ ಓದಲು ಶುರು ಮಾಡಿದರು. ಫಾಂಟು ಇಲ್ಲದೆಯೇ. ತಡವರಿಸಿದ್ದು ಒತ್ತಕ್ಷರ ಬಂದ ಕಡೆ ಮಾತ್ರ.

‘ಅತ್ತೆ ಮುನಿದ ಹೊಲ. ಸೊಸೆ ಸಾರಿಗೆ ಉಪ್ಪು ಹಾಕಲಿಲ್ಲವೆಂದು ಅತ್ತೆಯೊಬ್ಬಳು ಇಲ್ಲಿಯ ಹೊಂಗೆಮರದ ಕೆಳಗೆ ಮೂರು ದಿನ ಕೂತಿದ್ದಳು. ಅವಳನ್ನು ಬಿಟ್ಟು ಸುತ್ತ ರಾಗಿ ಕುಯ್ದರು.’

‘ಒಂಟೆತ್ತಿನ ಮಾಳ. ಜೊತೆಯ ಎತ್ತು ಸತ್ತ ವರ್ಷ, ಇನ್ನೊಂದು ಕಡೆ ನೊಗಕ್ಕೆ ಗಂಡನೇ ಹೆಗಲು ಕೊಟ್ಟ, ಹೆಂಡತಿ ನೇಗಿಲ ಮೇಣಿ ಹಿಡಿದಳು.’

ಅರ್ಜಿ ಬರೆಸಲು ಬಂದು ಬೆಂಚಿನ ಮೇಲೆ ಕೂತಿದ್ದ ರೈತರೊಬ್ಬರು “ಅದು ನಮ್ಮೂರ ಮಾಳ ಅಲ್ವಾ? ನಮ್ಮಜ್ಜಿ ಹೇಳೋರು” ಎಂದು ಎದ್ದು ಬಂದು ಪರದೆ ನೋಡಿದರು. ಮೂರು ವರ್ಷ ನನ್ನ ಮನೆಯ ನಡುಮನೆಯಲ್ಲಿ, ನನ್ನ ಕಿವಿಯಿಂದ ಎಂಟು ಅಡಿ ದೂರದಲ್ಲಿ ಇದೆಲ್ಲ ನಡೆದಿತ್ತು. ನಾನು ಕೇಳಿಸಿಕೊಂಡದ್ದು ಅವತ್ತು, ಇನ್ನೊಬ್ಬರ ಅಂಗಡಿಯಲ್ಲಿ ನಿಂತು.

“ಮೊದಲ್ನೇ ಪುಟ ಓದಕ್ಕ” ಎಂದಳು ಮಂಗಳ, ಮೂಗು ಒರೆಸಿಕೊಳ್ಳುತ್ತಾ. “ಅಪ್ಪ ಮುನ್ನುಡಿ ಹೇಳವ್ರೆ.” ನನ್ನ ಕಡೆ ನೋಡಲಿಲ್ಲ.

ನಾಗರತ್ನಮ್ಮ ಮೇಲಕ್ಕೆ ಹೋಗಿ ಮೊದಲ ಸಾಲಿಗೆ ಬೆರಳಿಟ್ಟರು.

‘ಇದನ್ನು ಅಳಿಯಂದಿರ ಕೈಯಲ್ಲಿ ಬರೆಸಬೇಕೆಂದು ನನಗೆ ಆಸೆಯಿತ್ತು. ಅವರು ಪೇಪರಿನಲ್ಲಿ ಕನ್ನಡವನ್ನು ಉಳಿಸುವ ಕೆಲಸದಲ್ಲಿ ಇರುವುದರಿಂದ ಬಿಡುವಾಗಲಿಲ್ಲ. ಆದ್ದರಿಂದ ಮಗಳು ಬರೆದಿದ್ದಾಳೆ.’

ಬೆರಳು ಅಲ್ಲೇ ನಿಂತಿತು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು.

“ಅಳಿಯಂದಿರು ಅಂದ್ರೆ ನೀವೇನಾ ಸಾ?”