ಸಿದ್ಧಲಿಂಗೇಶನ ಕೆಂಡದೊಲೆ

ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಿದ್ಧಲಿಂಗೇಶನಿಗೆ ನಲವತ್ತೇಳು ವರ್ಷ. ತಂದೆ ಸದಾಶಿವಪ್ಪ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದವರು. ಮಗನೂ ಅಲ್ಲೇ ಕೂರಲಿ ಎಂದು ಅವರಿಗಿತ್ತು. ಆದರೆ ದಿನವಿಡೀ ಒಂದೇ ಕಡೆ ಕೂತು ಬಂದವರೊಡನೆಲ್ಲ ಮಾತಾಡುವುದು ಅವನಿಗೆ ಒಗ್ಗಲಿಲ್ಲ. ಇಪ್ಪತ್ತನೇ ವಯಸ್ಸಿಗೆ ದಾವಣಗೆರೆಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದ. ಅಲ್ಲಿಂದೀಚೆಗೆ ಗೇಟು, ಕಿಟಕಿ ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಟ್ರೇಲರಿನ ಮುರಿದ ಕೊಂಡಿ, ಇದೇ ಅವನ ಬದುಕು. ಅಳತೆಯಲ್ಲಿ ಅರ್ಧ ನೂಲು ಆಚೀಚೆ ಆಗುವುದಿಲ್ಲ ಎಂಬ ಹೆಸರು ಮಾತ್ರ ಸೊರಬದವರೆಗೂ ಹೋಗಿತ್ತು.

ಆ ಹೆಸರು ಕೇಳಿಯೇ ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಸೊರಬ ತಾಲ್ಲೂಕಿನ ಜಡೆಯಿಂದ ವಿನೋದಾ ಎಂಬವರು ಫೋನ್ ಮಾಡಿದರು. ಮನೆಗೊಂದು ಗ್ರಿಲ್ ಬೇಕು, ಬಂದು ನೋಡಿ ಅಂದರು. ಅವನು ಟೇಪು ಹಿಡಿದು ಬೈಕಿನಲ್ಲಿ ಹೋದ. ಕಿಟಕಿ ಯಾವುದು ಎಂದು ಕೇಳಿದಾಗ ವಿನೋದಾ ನಕ್ಕು, ಅವನನ್ನು ಮನೆಯ ಪಕ್ಕದ ಸಿಮೆಂಟಿನ ಅಂಗಳಕ್ಕೆ ಕರೆದೊಯ್ದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ನಾಲ್ಕು ಕಾಲಿನ ಮೇಲೆ ಒಂದು ತೊಟ್ಟಿ, ಅದರಲ್ಲಿ ಕೆಂಡ, ಮೇಲೆ ಸರಳುಗಳ ಜಾಲರಿ. ಬಾರ್ಬೆಕ್ಯೂ ಒಲೆ.

ಅದು ಮಾಂಸ ಸುಡುವ ಸಾಮಾನು ಎಂದೇ ತಿಳಿದಿದ್ದ ಸಿದ್ಧಲಿಂಗೇಶನಿಗೆ ಸ್ವಲ್ಪ ಮುಜುಗರವಾಯಿತು. ವಿನೋದಾ ಅದನ್ನು ಗಮನಿಸಿ, ತಮ್ಮದೂ ಸಸ್ಯಾಹಾರದ ಮನೆಯೇ, ಜೋಳದ ತೆನೆ, ಗೆಣಸು, ಬದನೆ, ಅನಾನಸು ಸುಡುವುದಕ್ಕೆ ಎಂದು ವಿವರಿಸಿದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾಗಿದ್ದು ಆರು ತಿಂಗಳ ಹಿಂದಷ್ಟೇ ನಿವೃತ್ತರಾಗಿದ್ದರು. ಇಷ್ಟು ವರ್ಷ ಬೆಳಗ್ಗೆ ಎಂಟರೊಳಗೆ ಅಡುಗೆ ಮುಗಿಸಿ ಬಸ್ಸಿಗೆ ಓಡಿದವರು.

“ಮೂವತ್ತು ವರ್ಷ ಗೋಡೆ ನೋಡ್ತಾ ಅಡುಗೆ ಮಾಡಿದ್ದಾಯ್ತು ಮಾರಾಯ್ರೆ,” ಅಂದರು. “ಇನ್ನು ಜನರ ಮುಖ ನೋಡ್ತಾ ಮಾಡ್ತೇನೆ.”

ಅವರ ಯಜಮಾನರು ಮಾಬ್ಲೇಶ್ವರ ಅವರಿಗೆ ಈ ಉಸಾಬರಿಯೇ ಬೇಡವಾಗಿತ್ತು. ಹೊರಗೆ ಮಾಡಲೇಬೇಕೆಂದರೆ ಸಿಲಿಂಡರಿಗೆ ಹಚ್ಚುವ ಒಲೆ ತಂದರಾಯಿತು, ಗುಂಡಿ ತಿರುಗಿಸಿದರೆ ಬೆಂಕಿ ಎಂಬುದು ಅವರ ವಾದ. ವಿನೋದಾ ಒಪ್ಪಲಿಲ್ಲ. ಗ್ಯಾಸಿನ ಬೆಂಕಿ ಒಳಗೂ ಅದೇ, ಹೊರಗೂ ಅದೇ ಅಂದರು. ಅಂಗಡಿಯ ರೆಡಿಮೇಡ್ ಒಲೆಯೂ ಬೇಡವೆಂದರು. ಸಾಗರದ ನೆಂಟರ ಮನೆಯಲ್ಲಿ ಅಂಥದ್ದೊಂದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತಳ ಕಳಚಿದ್ದನ್ನು ಕಂಡಿದ್ದರು. ತುಕ್ಕು ಹಿಡಿಯಬಾರದು, ಇದೊಂದೇ ಅವರ ಷರತ್ತು.

ತುಕ್ಕು ಹಿಡಿಯದ್ದು ಎಂದೊಡನೆ ಅವನ ಮನಸ್ಸು ತುಕ್ಕು ತಡೆಯುವ ಲೇಪವಿರುವ ಜಿ.ಐ. ಶೀಟಿನ ಕಡೆಗೇ ಹೋಯಿತು. ನೀರಿನ ಪೈಪಿಗೆ, ಹೊರಗಿನ ಮಾಡಿಗೆ ಅದನ್ನೇ ಬಳಸಿದವನು. ಬೆಸುಗೆ ಬೀಳುವಲ್ಲಿ ಮೇಲಿನ ಲೇಪ ಉಜ್ಜಿ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟ. ಒಂದು ವಾರದಲ್ಲಿ ಒಲೆ ತಯಾರಾಯಿತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯ ಮುಂದೆ ಹೋಗುವವರು ನಿಂತು ನೋಡುತ್ತಿದ್ದರು. ಅವನಿಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಸಂಕ್ರಾಂತಿಯ ಹಿಂದಿನ ಭಾನುವಾರ ವಿನೋದಾ ತಮ್ಮ ಹಳೆಯ ಸಹೋದ್ಯೋಗಿಗಳಲ್ಲಿ ಎಂಟು ಮಂದಿಯನ್ನು ಊಟಕ್ಕೆ ಕರೆದರು. ಬೆಂಕಿ ಹೊತ್ತಿಸಿಕೊಡಲು ಸಿದ್ಧಲಿಂಗೇಶನೂ ಬರಬೇಕೆಂದರು. ಪೊಟ್ಟಣದ ಇದ್ದಿಲು ಬಹಳ ಹೊತ್ತು ಹೊತ್ತಿಕೊಳ್ಳಲಿಲ್ಲ. ಮಾಬ್ಲೇಶ್ವರ ಅವರು ಸೀಮೆಎಣ್ಣೆ ತರಲು ಎದ್ದರು. ವಾಸನೆ ಎಲ್ಲಕ್ಕೂ ಹಿಡಿಯುತ್ತದೆಂದು ಸಿದ್ಧಲಿಂಗೇಶ ಅವರನ್ನು ತಡೆದು, ಅಡಿಕೆ ಹಾಳೆಯಿಂದ ಗಾಳಿ ಹಾಕಿದ. ಕೊನೆಗೆ ಕೆಂಡವಾಯಿತು. ವಿನೋದಾ ಸೆರಗು ಸಿಕ್ಕಿಸಿಕೊಂಡು ಜೋಳದ ತೆನೆ, ಬದನೆಕಾಯಿ ಜೋಡಿಸಿದರು. ಸುತ್ತ ಕುರ್ಚಿ ಹಾಕಿಕೊಂಡು ಕೂತವರು ಶಾಲೆಯ ಹಳೇ ಕತೆ ತೆಗೆದಿದ್ದರು.

ಆಗ ತೊಟ್ಟಿಯ ಒಳಮೈ ಹಳದಿಗೆ ತಿರುಗಿ, ಅಂಚಿನಿಂದ ತೆಳ್ಳನೆ ಬಿಳಿ ಹೊಗೆ ಏಳುವುದನ್ನು ಅವನು ಕಂಡ. ಗಂಟಲಲ್ಲಿ ಸಿಹಿಯಾದ, ಲೋಹದಂಥ ರುಚಿ ಬಂತು. ಆ ರುಚಿ ಅವನಿಗೆ ಪರಿಚಯವಿತ್ತು. ದಾವಣಗೆರೆಯಲ್ಲಿ ಕೆಲಸ ಕಲಿಯುವಾಗ ಮುಚ್ಚಿದ ಕೋಣೆಯೊಂದರಲ್ಲಿ ಜಿ.ಐ. ಪೈಪು ಬೆಸೆದು, ಸಂಜೆ ಮಲೇರಿಯಾ ಬಂದವನಂತೆ ನಡುಗುತ್ತ ಮಲಗಿದ್ದ. ಬೆಸುಗೆಯ ಕಿಡಿಗೆ ಆಗುವುದು ಕೆಂಡಕ್ಕೂ ಆಗಬಹುದೆಂದು ಈವರೆಗೆ ಹೊಳೆದೇ ಇರಲಿಲ್ಲ. ಮೊದಲ ತೆನೆ ಆಗಲೇ ಹಿರಿಯ ಮೇಷ್ಟ್ರೊಬ್ಬರ ತಟ್ಟೆಗೆ ಬಿದ್ದಿತ್ತು.

“ತಿನ್ನಬೇಡ್ರಿ ಸರ,” ಅಂದ ಸಿದ್ಧಲಿಂಗೇಶ. “ಎಲ್ಲಾರೂ ಸ್ವಲ್ಪ ಆ ಕಡೆ ಸರೀರಿ. ನಾನು ತಪ್ಪು ಮಾಡೀನಿ.”

ಹೊಸ ಒಲೆಗೆ ಸ್ವಲ್ಪ ಹೊಗೆ ಬಂದೇ ಬರುತ್ತದೆ ಎಂದು ಮಾಬ್ಲೇಶ್ವರ ಅವರು ಸಮಾಧಾನ ಹೇಳಿದರು. ಅವನು ಕೇಳಲಿಲ್ಲ. ಬಾಯಿಗೆ ಟವೆಲು ಕಟ್ಟಿಕೊಂಡು ಜಾಲರಿಯ ಮೇಲಿದ್ದದ್ದನ್ನೆಲ್ಲ ತೆಗೆದು, ಕೆಂಡವನ್ನು ಅಂಗಳದಾಚೆ ಮಣ್ಣಿಗೆ ಸುರಿದ. ಆಮೇಲೆ ಎಲ್ಲರ ಎದುರು ನಿಂತು, ಈ ಶೀಟಿನ ಮೇಲಿನ ಲೇಪ ಕಾದರೆ ವಿಷದ ಹೊಗೆ ಬಿಡುತ್ತದೆ, ಅದು ತನಗೆ ಗೊತ್ತಿರಬೇಕಿತ್ತು ಎಂದು ಹೇಳಿದ. ಅಷ್ಟು ಜನರ ನಡುವೆ ಅವನು ಅಷ್ಟು ಮಾತಾಡಿದ್ದೇ ಇರಲಿಲ್ಲ.

ವಿನೋದಾ ತೊಟ್ಟಿಯನ್ನೇ ನೋಡುತ್ತಿದ್ದರು.

“ಸತು,” ಅಂದರು ಕೊನೆಗೆ. “ಕಬ್ಬಿಣಕ್ಕೆ ಸತುವಿನ ಲೇಪ ಹಾಕ್ತಾರೆ ಅಂತ ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಹೊಳೀತಾ ಇರೋದನ್ನ ನೋಡಿ ನನಗೂ ಹೊಳೀಲಿಲ್ಲ ಅಂದ್ರೆ, ನಿಮ್ಮೊಬ್ಬರ ತಪ್ಪು ಎಂತದು?”

ಆ ದಿನ ಒಳಗೆ ಅವಲಕ್ಕಿ ಕಲಸಿ ಎಲ್ಲರಿಗೂ ಕೊಟ್ಟರು. ಸಿದ್ಧಲಿಂಗೇಶ ಒಲೆಯನ್ನು ಗೂಡ್ಸ್ ಆಟೋಗೆ ಹಾಕಿಸಿಕೊಂಡು ಹೊರಟ.

ದಾರಿಯಲ್ಲಿ ಅವನಿಗೆ ಇನ್ನೊಂದು ನೆನಪಾಯಿತು. ಅದಕ್ಕೂ ಎರಡು ವರ್ಷ ಮೊದಲು ಬಂದಳಿಕೆಯ ಈಶ್ವರಮ್ಮ ಬಾಣಂತಿ ಮಗಳಿಗೆಂದು ಒಂದು ಅಗ್ಗಿಷ್ಟಿಕೆ ಮಾಡಿಸಿಕೊಂಡು ಹೋಗಿದ್ದರು. ಕೂಸಿಗೆ ಕಾವು ಕೊಡುವ, ಕೆಂಡ ಹಾಕುವ ಬುಟ್ಟಿ. ಅದನ್ನೂ ಉಳಿದ ಜಿ.ಐ. ತುಂಡಿನಲ್ಲೇ ಮಾಡಿಕೊಟ್ಟಿದ್ದ. ಮನೆಗೆ ಬಂದು ಹೆಂಡತಿ ಶೃತಿಗೆ ಹೇಳಿದ. ಅವಳು ಗಾಬರಿಪಡದೆ, ಫೋನ್ ಬೇಡ, ಹೋಗಿಯೇ ನೋಡಿ ಬನ್ನಿ ಅಂದಳು.

ಮರುದಿನ ಬೆಳಗ್ಗೆ ಬಂದಳಿಕೆಗೆ ಹೋದ. ಈಶ್ವರಮ್ಮನ ಮನೆಯ ಮುಂದೆ ಅದೇ ಬುಟ್ಟಿಯಲ್ಲಿ ದೊಡ್ಡಪತ್ರೆ ಗಿಡ ಬೆಳೆದಿತ್ತು. ಎರಡು ವರ್ಷದ ಹುಡುಗಿಯೊಂದು ಅದರ ಎಲೆ ಕಿತ್ತು ಕಿತ್ತು ಬಿಸಾಡುತ್ತಿತ್ತು. ಅವನು ವಿಷಯ ಹೇಳಿ, ಮಗುವಿಗೆ ಆಗ ಕೆಮ್ಮು ಗಿಮ್ಮು ಬಂದಿತ್ತೇ ಎಂದು ಕೇಳಿದ.

“ಅದ್ಯಾಕೋ ಕಣ್ಣುರಿ ಬರ್ತಿತ್ತಪ್ಪ,” ಅಂದರು ಈಶ್ವರಮ್ಮ. “ಎರಡೇ ದಿನಕ್ಕ ಹೊರಗಿಟ್ವಿ. ಹಳೇ ಮಣ್ಣಿಂದೇ ಚಲೋ ಅಂತ ಅದನ್ನೇ ಇಟ್ಕೊಂಡ್ವಿ.”

ಅವರು ಚಹಾ ಮಾಡಿಕೊಟ್ಟರು. ಅವನು ಕುಡಿದು, ಹುಡುಗಿಯ ಹೆಸರು ಕೇಳಿ, ಬಂದ. ಗಂಗಾಶ್ರೀ ಅಂತೆ.

ಎರಡನೇ ಒಲೆಗೆ ಅವನು ಆತುರಪಡಲಿಲ್ಲ. ತೊಟ್ಟಿಗೆ ಯಾವ ಲೇಪವೂ ಇಲ್ಲದ ದಪ್ಪ ಕಬ್ಬಿಣದ ತಗಡು, ಜಾಲರಿಗೆ ಸ್ಟೀಲಿನ ಸರಳು, ಕೆಳಗೆ ಬೂದಿ ತೆಗೆಯಲು ಒಂದು ಎಳೆಯುವ ತಟ್ಟೆ, ಪಕ್ಕದಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡಲು ಜಾರುವ ಕಿಟಕಿ. ಬಣ್ಣ ಬಳಿಯಲಿಲ್ಲ. ತುಕ್ಕು ಬರುತ್ತದೆ, ಪ್ರತಿ ಸಲ ಬಳಸಿದ ಮೇಲೆ ಎಣ್ಣೆ ಸವರಿ ಒಳಗಿಡಬೇಕು ಎಂದು ಮುಂಚೆಯೇ ಫೋನಿನಲ್ಲಿ ತಿಳಿಸಿದ. ದೋಸೆ ಹಂಚಿನ ಹಾಗೆ ಅನ್ನಿ ಅಂದರು ವಿನೋದಾ.

ಉಳಿದದ್ದು ಉರುವಲಿನ ಪ್ರಶ್ನೆ. ಕಾಡಂಚಿನಲ್ಲಿ ಒಣ ಕಟ್ಟಿಗೆಗೆ ಬರವಿರಲಿಲ್ಲ. ಆದರೆ ಕ್ಯಾಸನೂರಿನ ಕಡೆ ಮಂಗನ ಕಾಯಿಲೆಯ ಕಾಲ ಅದು. ಕಾಯಿಲೆ ಹರಡುವ ಉಣುಗು ಕಚ್ಚೀತು, ಸೌದೆಗೆ, ಒಣ ಎಲೆಯ ದರಗಿಗೆ ಕಾಡಿಗೆ ಹೋಗಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಹೋಗಿದ್ದರು. ಅಡಿಕೆ ಸಿಪ್ಪೆ ಬರೀ ಹೊಗೆ. ಪೊಟ್ಟಣದ ಇದ್ದಿಲಿನ ಪಾಡು ಎಲ್ಲರೂ ನೋಡಿಯಾಗಿತ್ತು. ಸಿದ್ಧಲಿಂಗೇಶ ತನ್ನ ಅಂಗಡಿಯ ಎದುರು ಸಾಲಿನಲ್ಲಿ ಇಸ್ತ್ರಿ ಮಾಡುವ ಲೋಕಮ್ಮನನ್ನು ಕೇಳಿದ. ಇಪ್ಪತ್ತು ವರ್ಷದಿಂದ ದಿನವೂ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವವಳು. ಒಂದು ಕಿಡಿ ಹಾರಿದರೂ ಯಾರದೋ ಬಿಳಿ ಅಂಗಿ ಹಾಳು.

“ಕಟ್ಟಿಗಿ ಇದ್ಲು ಬ್ಯಾಗ ಹತ್ತತೈತಿ, ಬ್ಯಾಗ ಬೂದಿ ಆಗತೈತಿ,” ಅಂದಳು ಲೋಕಮ್ಮ. “ಹಸಿ ಇತ್ತಂದ್ರ ಸಿಡಿತೈತಿ. ಕಾಯಿ ಚಿಪ್ಪಿಂದು ಹತ್ತೋದು ತಡ. ಹತ್ತಿದ ಮ್ಯಾಲ ಹೊಗಿ ಇಲ್ಲ, ಸದ್ದಿಲ್ಲ. ಬೂದಿ ಮುಸುಕು ಬರೋತನ ಕಾಯ್ಬೇಕು. ಅಷ್ಟು ತಾಳ್ಮೆ ಇದ್ರ ಒಯ್ರಿ.”

ಅವನು ಒಂದು ಚೀಲ ತೆಂಗಿನ ಚಿಪ್ಪಿನ ಇದ್ದಿಲು ಒಯ್ದ. ಈ ಸಲ ಮೊದಲು ಅಂಗಡಿಯ ಮುಂದೆಯೇ ಖಾಲಿ ಒಲೆಗೆ ಕೆಂಡ ತುಂಬಿ ಎರಡು ತಾಸು ಕಾಯಿಸಿದ. ತಗಡು ಕಪ್ಪಾಯಿತು, ನೀಲಿಯಾಯಿತು, ಬೇರೇನೂ ಆಗಲಿಲ್ಲ. ಮುಖ ಹತ್ತಿರ ತಂದು ಮೂಸಿ ನೋಡಿದ.

ಫೆಬ್ರವರಿಯ ಮೊದಲ ವಾರ ಅದೇ ಎಂಟು ಮಂದಿ ಜಡೆಗೆ ಬಂದರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ ಎಂದು ಸಿದ್ಧಲಿಂಗೇಶನಿಗೆ ಆಶ್ಚರ್ಯವಾಯಿತು. ಇದ್ದಿಲಿಗೆ ಬೂದಿಯ ಮುಸುಕು ಬರುವವರೆಗೆ ವಿನೋದಾ ಯಾರಿಗೂ ಏನನ್ನೂ ಇಡಲು ಬಿಡಲಿಲ್ಲ. ಆಮೇಲೆ ಗೆಣಸು, ತೆನೆ, ಬದನೆ, ಉಪ್ಪು ಖಾರ ಸವರಿದ ಅನಾನಸಿನ ಹೋಳು. ಮೊದಲ ತೆನೆಯನ್ನು ಸಿದ್ಧಲಿಂಗೇಶನ ಕೈಗೇ ಕೊಟ್ಟರು. ಅವನು ಎಲ್ಲರೆದುರು ತಿಂದ. ಹಿರಿಯ ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದು, ಅವನು ಎರಡನೇ ಸಲ ಕಚ್ಚಿದ ಮೇಲೆ ತಮ್ಮ ತಟ್ಟೆ ಚಾಚಿದರು. ಸುಟ್ಟ ಬದನೆಯ ಗೊಜ್ಜಿಗೆ ಮಾಬ್ಲೇಶ್ವರ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಗ್ಯಾಸಿನ ಮಾತು ಎತ್ತಲಿಲ್ಲ.

ಅಲ್ಲಿಂದೀಚೆಗೆ ಸಿದ್ಧಲಿಂಗೇಶ ಅಂಥವು ಹದಿನಾಲ್ಕು ಮಾಡಿದ್ದಾನೆ. ಹೆಚ್ಚಿನವು ಸೊರಬದ ಕಡೆಗೆ. ಕಳೆದ ತಿಂಗಳು ಒಬ್ಬರು ಬಂದು, ಹೊಳೆಯುವ ಶೀಟಿನಲ್ಲೇ ಬೇಕು, ನೋಡಲು ಚೆಂದ ಅಂದರು. ಅವನು ಕಾರಣ ಹೇಳಿದ. ಅವರು ನಂಬಲಿಲ್ಲ, ಬೇರೆ ಅಂಗಡಿ ನೋಡುತ್ತೇವೆಂದು ಕಾರು ಹತ್ತಿದರು. ಅವನು ಕಾರಿನವರೆಗೂ ಹೋಗಿ, ಎಲ್ಲಿ ಮಾಡಿಸಿದರೂ ಲೇಪ ಇಲ್ಲದ ತಗಡಿನಲ್ಲೇ ಮಾಡಿಸಿ ಎಂದು ಕಿಟಕಿಯ ಬಳಿ ಬಾಗಿ ಇನ್ನೊಮ್ಮೆ ಹೇಳಿ ಬಂದ.